ಹೊಲದ ಸುದ್ದಿ ಕಾರ್ಖಾನೆಗೆ, ಕಾರ್ಖಾನೆಯ ಸುದ್ದಿ ಹೊಲಕ್ಕೆ

ಮಹಾಲಿಂಗಪುರದ ಪೇಟೆಗೆ ಬಂದ ಬೆಲ್ಲದ ಪೆಂಟಿಯನ್ನು ಮೊದಲು ಪರೀಕ್ಷಿಸುವುದು ವ್ಯಾಪಾರಿಯ ಕಣ್ಣು. ನಾಲಿಗೆಯ ಸರದಿ ಆಮೇಲೆ. ಬಣ್ಣ ಹಳದಿಯಾಗಿ ಹೊಳೆದರೆ ಸವಾಲಿನಲ್ಲಿ ಕೂಗು ಮೇಲೇರುತ್ತದೆ. ಕಂದು ಬಣ್ಣದ್ದು ಎಷ್ಟೇ ರುಚಿಯಾಗಿದ್ದರೂ ಹಿಂದೆ ಬೀಳುತ್ತದೆ. ಗಾಣದವರಿಗೆ ಇದನ್ನು ಯಾರೂ ಪತ್ರ ಬರೆದು ತಿಳಿಸಿಲ್ಲ. ಆದರೂ ಸುದ್ದಿ ಹೊಲದ ಮೂಲೆಯ ಗಾಣದ ಮನೆಗೆ ಚೆನ್ನಾಗಿಯೇ ಮುಟ್ಟಿದೆ: ದುಡ್ಡು ಇರುವುದು ಬಣ್ಣಕ್ಕೆ. ಕಬ್ಬಿನ ಹಾಲು ತಿಳಿಗೊಳಿಸಲು ಸುಣ್ಣ, ಬೆಂಡೆ ಗಿಡದ ಲೋಳೆ ಬಳಸುತ್ತಿದ್ದ ಕೊಪ್ಪರಿಗೆಗೆ ಬಣ್ಣ ತಿಳಿಮಾಡುವ ಹೈಡ್ರೋಸ್ ಪುಡಿ ಬಂದದ್ದು ಹೀಗೆ. ಆ ಪುಡಿಯಿಂದ ಬೆಲ್ಲದಲ್ಲಿ ಉಳಿಯುವ ಸಲ್ಫರ್ ಡೈಆಕ್ಸೈಡ್ ಕಿಲೋಗೆ 70 ಮಿಲಿಗ್ರಾಂ ಮೀರಬಾರದೆಂದು ಆಹಾರ ಸುರಕ್ಷತೆಯ ನಿಯಮ ಹೇಳುತ್ತದೆ. ಆದರೆ ಕಾನೂನಿನ ಪುಸ್ತಕಕ್ಕಿಂತ ಅಡತಿ ಅಂಗಡಿಯ ಕಣ್ಣು ಮೊದಲು ಹೊಲ ಮುಟ್ಟುತ್ತದೆ.

ಈಗ ಅದೇ ದಾರಿಯಲ್ಲಿ ಬೇರೊಂದು ಸುದ್ದಿ ಹೊರಟಿದೆ. ದೊಡ್ಡ ಊರುಗಳ ಕೆಲವು ಗ್ರಾಹಕರು ಕಂದು ಬೆಲ್ಲವನ್ನೇ ಕೇಳಿ ಪಡೆಯುತ್ತಿದ್ದಾರೆ, ರಾಸಾಯನಿಕ ಹಾಕಿಲ್ಲವೆಂದರೆ ಹೆಚ್ಚು ಕೊಡಲು ತಯಾರಿದ್ದಾರೆ. ಈ ಮಾತು ಗಾಣದವನವರೆಗೆ, ಅದೂ ದರದ ರೂಪದಲ್ಲಿ ತಲುಪಿದ ಕಡೆ ಹೈಡ್ರೋಸ್ ಡಬ್ಬಿ ಅಟ್ಟ ಸೇರುತ್ತದೆ. ನಡುವಿನ ವ್ಯಾಪಾರಿಯ ಕಿಸೆಯಲ್ಲೇ ನಿಂತ ಕಡೆ ಏನೂ ಬದಲಾಗುವುದಿಲ್ಲ.

ಉದ್ಯಮಗಳು ಪರಿಸರಕ್ಕೆ ಒಗ್ಗುವ ಹೊಸ ವಿಧಾನಗಳನ್ನು ಏಕೆ ಹಿಡಿಯುತ್ತವೆ, ಏಕೆ ಬಿಡುತ್ತವೆ ಎಂಬುದಕ್ಕೆ ಉತ್ತರ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ತೇರದಾಳ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಈ ಪಟ್ಟಿಯಲ್ಲೇ ಅದು ಇದೆ. ಕೃಷ್ಣೆ, ಘಟಪ್ರಭೆಯರ ನೀರು ಕುಡಿದ ಕಬ್ಬು ಒಂದು ಕಡೆ, ಮಗ್ಗದ ಸದ್ದು ಇನ್ನೊಂದು ಕಡೆ. ಎರಡೂ ಉದ್ಯಮಗಳಲ್ಲಿ ಒಬ್ಬನ ತ್ಯಾಜ್ಯ ಮತ್ತೊಬ್ಬನ ಕಚ್ಚಾ ಮಾಲು, ಒಬ್ಬನ ಅವಸರ ಮತ್ತೊಬ್ಬನ ಹೊಗೆ. ಹೊಸ ಯಂತ್ರಕ್ಕೆ ಸಾಲ ಸಿಗುತ್ತದೆ, ಸಹಾಯಧನವೂ ಸಿಗುತ್ತದೆ. ಯಾವ ಯಂತ್ರ ಬೇಕು, ಎಷ್ಟು ದೊಡ್ಡದು, ಯಾವ ತಿಂಗಳು ಎನ್ನುವುದನ್ನು ಮಾತ್ರ ಸರಪಳಿಯ ಆಚೆ ಕೊಂಡಿಯವರೇ ಹೇಳಬೇಕು.

ಬೂದಿಯಾಗಿ ಮರಳಿದ ಪೊಟ್ಯಾಷ್

ಒಂದು ಟನ್ ಕಬ್ಬು ಕಾರ್ಖಾನೆಯ ಒಳಗೆ ಹೋದರೆ ಸಕ್ಕರೆಯಾಗಿ ಹೊರಬರುವುದು ನೂರು ಕಿಲೋ ಚಿಲ್ಲರೆ. ಸುಮಾರು 280ರಿಂದ 300 ಕಿಲೋ ಸಿಪ್ಪೆ, 30ರಿಂದ 40 ಕಿಲೋ ಮಡ್ಡಿ (ಪ್ರೆಸ್‌ಮಡ್), ಹೆಚ್ಚುಕಡಿಮೆ ಅಷ್ಟೇ ಕಾಕಂಬಿ. ಉಳಿದದ್ದು ಬಹುಪಾಲು ನೀರು. ಸಿಪ್ಪೆ ಬಾಯ್ಲರಿಗೆ ಹೋಗಿ ಉಗಿ ಮತ್ತು ವಿದ್ಯುತ್ ಆಗುತ್ತದೆ. ಕಾಕಂಬಿ ಡಿಸ್ಟಿಲರಿಗೆ ಹೋಗುತ್ತದೆ. ತೊಡಕು ಶುರುವಾಗುವುದು ಇಲ್ಲಿಂದ: ಒಂದು ಲೀಟರ್ ಆಲ್ಕೋಹಾಲ್ ತೆಗೆದರೆ 8ರಿಂದ 15 ಲೀಟರ್‌ನಷ್ಟು ಕಡುಗಂದು ಬಣ್ಣದ ಸ್ಪೆಂಟ್‌ವಾಶ್ ಉಳಿಯುತ್ತದೆ. ಹಿಂದೆ ಅದು ಹಳ್ಳ ಸೇರಿದಲ್ಲೆಲ್ಲ ಮೀನು ಸತ್ತವು, ಬಾವಿ ಕೆಟ್ಟವು. ಹನಿ ನೀರೂ ಹೊರಗೆ ಬಿಡಬಾರದೆಂಬ ಕಟ್ಟಳೆ ಬಂದಮೇಲೆ ಡಿಸ್ಟಿಲರಿಗಳು ಅದನ್ನು ಕುದಿಸಿ ಗಟ್ಟಿಮಾಡಿ, ವಿಶೇಷ ಬಾಯ್ಲರಿನಲ್ಲಿ ಸುಡತೊಡಗಿದವು. ಸುಟ್ಟ ಮೇಲೆ ಬೂದಿ ಉಳಿಯಿತು. ಬೂದಿಯ ಗುಡ್ಡ ಹೊಸ ತಲೆನೋವಾಯಿತು.

ಆ ಬೂದಿಯಲ್ಲಿ ಏನಿದೆ ಎಂದು ನೋಡಿದವರಿಗೆ ಸಿಕ್ಕದ್ದು ಪೊಟ್ಯಾಷ್. ಅಚ್ಚರಿಯೇನಲ್ಲ. ಕಬ್ಬು ಸಾರಜನಕಕ್ಕಿಂತ ಹೆಚ್ಚು ಪೊಟ್ಯಾಷ್ ಹೀರುವ ಬೆಳೆ. ಹೊಲದಿಂದ ಎದ್ದ ಪೊಟ್ಯಾಷ್ ಹಾಲಿನ ಜತೆ ಗಾಣ ದಾಟಿ, ಕಾಕಂಬಿಯಲ್ಲಿ ಕೂತು, ಡಿಸ್ಟಿಲರಿಯ ಕೊಳೆನೀರಿನಲ್ಲಿ ಉಳಿದು, ಕೊನೆಗೆ ಬೂದಿಯಾಗಿತ್ತು. ಅದೇ ಹೊಲದ ರೈತ ಅತ್ತ ಹೊರದೇಶದಿಂದ ಹಡಗಿನಲ್ಲಿ ಬಂದ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಚೀಲವನ್ನು ದುಡ್ಡು ಕೊಟ್ಟು ತರುತ್ತಿದ್ದ.

2021ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಕಾಕಂಬಿಯಿಂದ ಬಂದ ಪೊಟ್ಯಾಷನ್ನು ಪೋಷಕಾಂಶ ಆಧಾರಿತ ಸಬ್ಸಿಡಿಯ ಪಟ್ಟಿಗೆ ಸೇರಿಸಿತು. ಶೇ 14.5ರಷ್ಟು ಪೊಟ್ಯಾಷ್ ಇರಬೇಕೆಂಬುದು ಅದರ ಅಳತೆ. 2024ರಲ್ಲಿ ಸಕ್ಕರೆ ಕಾರ್ಖಾನೆಗಳು ಮತ್ತು ಗೊಬ್ಬರ ಕಂಪನಿಗಳು ಒಪ್ಪಿಕೊಂಡ ದರ ಟನ್ನಿಗೆ 4,263 ರೂಪಾಯಿ. ಬಾಯ್ಲರ್, ಬೂದಿ ಎರಡೂ ಮೊದಲಿನಿಂದಲೇ ಇದ್ದವು. ಇಲ್ಲದಿದ್ದದ್ದು ಮೂರು ಮಾಹಿತಿ: ಬೂದಿಯಲ್ಲಿ ಎಷ್ಟಿದೆ ಎಂಬ ಖಾತ್ರಿಯ ಪರೀಕ್ಷೆ, ಕೊಳ್ಳುವವರು ಯಾರು, ಯಾವ ದರಕ್ಕೆ. ಅವು ಬಂದ ಕೂಡಲೇ ಗುಡ್ಡ ಗೊಬ್ಬರವಾಯಿತು.

ಇಲ್ಲಿ ಓದುಗ ರೈತರಿಗೆ ಒಂದು ಎಚ್ಚರಿಕೆ. ಈ ಭಾಗದ ಎಷ್ಟೋ ಕಬ್ಬಿನ ಹೊಲಗಳು ಅತಿ ನೀರಾವರಿಯಿಂದ ಸವಳು-ಜವಳು ಹಿಡಿದಿವೆ. ಬೂದಿಯಲ್ಲಿ ಪೊಟ್ಯಾಷ್ ಜತೆ ಬೇರೆ ಲವಣಗಳೂ ಇರುತ್ತವೆ. ಚೀಲದ ಮೇಲಿನ ವಿಶ್ಲೇಷಣೆ ಓದದೆ, ಮಣ್ಣು ಪರೀಕ್ಷೆ ಮಾಡಿಸದೆ ಸವಳು ನೆಲಕ್ಕೆ ಸುರಿಯಬಾರದು. ಮಾರುವ ಕಾರ್ಖಾನೆ ಆ ವಿಶ್ಲೇಷಣೆಯ ಪ್ರತಿಯನ್ನು ಕನ್ನಡದಲ್ಲಿ ಕೊಡಬೇಕು. ಕೇಳಿ ಪಡೆಯುವುದು ರೈತರ ಹಕ್ಕು.

ಮಡ್ಡಿಯ ಲೆಕ್ಕ

ಜಮಖಂಡಿ-ಮುಧೋಳ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆಯ ಮಡ್ಡಿಯಿಂದ ಸಿಎನ್‌ಜಿಯಂಥ ಸಾಂದ್ರೀಕೃತ ಜೈವಿಕ ಅನಿಲ ತಯಾರಿಸುವ ಘಟಕವಿದೆ. ಟ್ರೂಆಲ್ಟ್ ಬಯೋಎನರ್ಜಿಯ ಅಂಗಸಂಸ್ಥೆ ಲೀಫಿನಿಟಿ ಬಯೋಎನರ್ಜಿ ಅದನ್ನು ನಡೆಸುತ್ತದೆ. ಸಾಮರ್ಥ್ಯ ದಿನಕ್ಕೆ ಸುಮಾರು 10 ಟನ್ ಅನಿಲ. ತೈಲ ಕಂಪನಿಗಳು ಜೈವಿಕ ಅನಿಲವನ್ನು ಕೊಳ್ಳುವ ಸತತ್ ಯೋಜನೆಯನ್ನು ಕೇಂದ್ರ 2018ರ ಅಕ್ಟೋಬರಿನಲ್ಲಿ ಆರಂಭಿಸಿದ ಮೇಲೆ ಮೊದಮೊದಲು ಎದ್ದ ಘಟಕಗಳಲ್ಲಿ ಇದೂ ಒಂದು.

ಇದರ ಲೆಕ್ಕ ಹಾಕಿದರೆ ಮಾಹಿತಿಯ ಬೆಲೆ ಕಣ್ಣಿಗೆ ಕಾಣುತ್ತದೆ. ಒಂದು ಟನ್ ಅನಿಲಕ್ಕೆ ಸ್ಥೂಲವಾಗಿ 25 ಟನ್ ಮಡ್ಡಿ ಬೇಕು. ದಿನಕ್ಕೆ 10 ಟನ್ ಅನಿಲವೆಂದರೆ 250 ಟನ್ ಮಡ್ಡಿ. ವರ್ಷವಿಡೀ ಓಡಿಸಿದರೆ 90 ಸಾವಿರ ಟನ್ ಆಸುಪಾಸು. ಅಷ್ಟು ಮಡ್ಡಿ ಸಿಗಬೇಕಾದರೆ 25 ಲಕ್ಷ ಟನ್ ಕಬ್ಬು ನುರಿಯಬೇಕು. ದಿನಕ್ಕೆ 10 ಸಾವಿರ ಟನ್ ನುರಿಸುವ ದೊಡ್ಡ ಕಾರ್ಖಾನೆ 150 ದಿನ ಬಿಡುವಿಲ್ಲದೆ ಓಡಿದರೂ 15 ಲಕ್ಷ ಟನ್ ದಾಟದು. ಅಂದರೆ ಇಂಥ ಘಟಕ ಒಂದೇ ಕಾರ್ಖಾನೆಯನ್ನು ನಂಬಿ ಬದುಕಲಾರದು. ಮಡ್ಡಿ ಬರುವುದು ಹಂಗಾಮಿನ ಐದಾರು ತಿಂಗಳು, ಅನಿಲ ಕೊಡಬೇಕಾದದ್ದು ಹನ್ನೆರಡು ತಿಂಗಳು. ಬಯಲಿನಲ್ಲಿ ಒಟ್ಟಿದ ಮಡ್ಡಿ ಬಿಸಿಲಿಗೆ ಮಳೆಗೆ ಕೊಳೆತು ಅನಿಲದ ಸತ್ವ ಕಳೆದುಕೊಳ್ಳುತ್ತದೆ.

ಹೀಗಾಗಿ ಯಾವ ಕಾರ್ಖಾನೆ ಎಂದು ಗೇಟು ತೆರೆಯುತ್ತದೆ, ದಿನಕ್ಕೆ ಎಷ್ಟು ನುರಿಸುತ್ತದೆ, ಎಂದು ನಿಲ್ಲಿಸುತ್ತದೆ, ಮಡ್ಡಿಯಲ್ಲಿ ತೇವ ಎಷ್ಟು, ಮಣ್ಣು ಎಷ್ಟು ಎಂಬುದು ಅನಿಲ ಘಟಕಕ್ಕೆ ಮುಂಚಿತವಾಗಿ ಗೊತ್ತಿರಬೇಕು. ಗೊತ್ತಿದ್ದರೆ ಎಷ್ಟು ದೊಡ್ಡ ಸಂಗ್ರಹದ ಹೊಂಡ ಕಟ್ಟಬೇಕು, ಹೊದಿಕೆ ಹೇಗಿರಬೇಕು, ಮಳೆಗಾಲಕ್ಕೆ ಸಗಣಿಯನ್ನೋ ಬೇರೆ ಕೃಷಿ ತ್ಯಾಜ್ಯವನ್ನೋ ಬೆರೆಸುವುದು ಹೇಗೆ ಎಂದು ಎಂಜಿನಿಯರು ಹೊಸ ದಾರಿ ಹುಡುಕುತ್ತಾನೆ. ಗೊತ್ತಿಲ್ಲದಿದ್ದರೆ ಅರ್ಧ ಸಾಮರ್ಥ್ಯದಲ್ಲಿ ಓಡಿಸಿ ಸಾಲದ ಕಂತಿಗೆ ಹೆಣಗುತ್ತಾನೆ.

ರೈತನ ಪಾಲೂ ಇಲ್ಲಿದೆ, ಅದನ್ನು ಮರೆಯುವಂತಿಲ್ಲ. ಮಡ್ಡಿ ಹಿಂದೆ ಟ್ರೇಲರಿನಲ್ಲಿ ಮರಳಿ ಹೊಲಕ್ಕೆ ಬರುತ್ತಿತ್ತು, ತಿಪ್ಪೆಯಲ್ಲಿ ಕಳಿತು ಗೊಬ್ಬರವಾಗುತ್ತಿತ್ತು. ಅನಿಲಕ್ಕೆ ಬೇಡಿಕೆ ಬಂದಂತೆ ಮಡ್ಡಿಯ ಬೆಲೆ ಏರುತ್ತದೆ, ಹೊಲಕ್ಕೆ ಬರುವುದು ಕಡಿಮೆಯಾಗುತ್ತದೆ. ಅನಿಲ ತೆಗೆದ ಮೇಲೆ ಉಳಿಯುವ ಹುದುಗಿದ ಗೊಬ್ಬರ ಹೊಲಕ್ಕೇ ಬರಬೇಕು. ಅದಕ್ಕೆಂದೇ 2023ರಲ್ಲಿ ಕೇಂದ್ರ ಸರ್ಕಾರ ಇಂಥ ಗೊಬ್ಬರದ ಮಾರಾಟಕ್ಕೆ ಟನ್ನಿಗೆ 1,500 ರೂಪಾಯಿ ನೆರವು ಮಂಜೂರು ಮಾಡಿತು. ಆ ಗೊಬ್ಬರ ಯಾವ ತಿಂಗಳು, ಯಾವ ಊರಿಗೆ, ಯಾವ ದರಕ್ಕೆ ಸಿಗುತ್ತದೆಂಬ ಮಾಹಿತಿ ಗ್ರಾಮ ಪಂಚಾಯಿತಿಯ ಹಲಗೆಯ ಮೇಲೆ ಬರುವವರೆಗೆ ಈ ಚಕ್ರ ಪೂರ್ತಿಯಾಗಿಲ್ಲವೆಂದೇ ಹೇಳಬೇಕು.

ಕೊಳ್ಳುವವ ಮುಂಚೆ ಹೇಳಿದರೆ

ಸರಪಳಿಯ ತುದಿಯಲ್ಲಿ ನಿಂತ ಖರೀದಿದಾರ ಬಾಯಿ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಎಥೆನಾಲ್‌ಗಿಂತ ಒಳ್ಳೆಯ ಪಾಠವಿಲ್ಲ. 2013-14ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆಯುತ್ತಿದ್ದದ್ದು ಶೇ 1.5ರಷ್ಟು. 2018ರಲ್ಲಿ ರಾಷ್ಟ್ರೀಯ ಜೈವಿಕ ಇಂಧನ ನೀತಿ ಬಂತು. ಅದೇ ವರ್ಷ ಮೊದಲ ಬಾರಿಗೆ ಬಿ-ಹೆವಿ ಕಾಕಂಬಿಯ ಎಥೆನಾಲಿಗೂ ಕಬ್ಬಿನ ಹಾಲಿನ ಎಥೆನಾಲಿಗೂ ಬೇರೆ ಬೇರೆ, ಹೆಚ್ಚಿನ ದರ ಘೋಷಣೆಯಾಯಿತು. ಸಕ್ಕರೆಯನ್ನು ಮೂರು ಸಲ ಹಿಂಡಿ ತೆಗೆದು ಉಳಿದದ್ದನ್ನು ಡಿಸ್ಟಿಲರಿಗೆ ಕಳಿಸುತ್ತಿದ್ದ ಕಾರ್ಖಾನೆಗಳು ಎರಡಕ್ಕೆ ನಿಲ್ಲಿಸಿ, ಸಕ್ಕರೆ ಹೆಚ್ಚಿರುವ ಕಾಕಂಬಿಯನ್ನೇ ಕಳಿಸತೊಡಗಿದವು. ಕೊನೆಯ ಕಾಕಂಬಿಯ ಟನ್ನಿಗೆ ಸುಮಾರು 225 ಲೀಟರ್ ಬರುವಲ್ಲಿ ಬಿ-ಹೆವಿಯಿಂದ 300 ಲೀಟರ್ ಹತ್ತಿರ ಬಂತು. ಆಮೇಲೆ ಶೇ 20ರ ಗುರಿಯ ಗಡುವನ್ನು 2030ರಿಂದ 2025-26ಕ್ಕೆ ಹಿಂದಕ್ಕೆ ತಂದರು. 2022ರ ಜೂನ್ ಹೊತ್ತಿಗೆ ಶೇ 10, 2025ರಲ್ಲಿ ಶೇ 20 ಮುಟ್ಟಿತು. ಎಷ್ಟು ಬೇಕು, ಯಾವ ದರಕ್ಕೆ, ಎಷ್ಟು ವರ್ಷ ಎಂಬ ಮಾತು ಕೊಳ್ಳುವವರ ಕಡೆಯಿಂದ ಮೊದಲೇ ಬಂದದ್ದರಿಂದ ಕಾರ್ಖಾನೆಗಳು ಧೈರ್ಯದಿಂದ ಡಿಸ್ಟಿಲರಿ ಹಿಗ್ಗಿಸಿದವು. ಮುಧೋಳದ ನಿರಾಣಿ, ಮಹಾಲಿಂಗಪುರಕ್ಕೆ ಹತ್ತಿರದ ಸಮೀರವಾಡಿಯ ಗೋದಾವರಿ ಬಯೋರಿಫೈನರೀಸ್ ಎರಡೂ ಸಕ್ಕರೆಗಿಂತ ಆಚೆ ಎಥೆನಾಲಿನ ಹೆಸರಿನಲ್ಲಿ ಗುರುತಾದವು. ಗೋದಾವರಿ ಎಥೆನಾಲಿನಿಂದ ರಾಸಾಯನಿಕಗಳನ್ನೂ ಮಾಡುತ್ತದೆ, ಮಹಾರಾಷ್ಟ್ರದ ಸಾಕರವಾಡಿ ಘಟಕದಲ್ಲಿ.

ಅದೇ ಸರಪಳಿಯಲ್ಲಿ ಮಾತು ತಟ್ಟನೆ ಮುರಿದದ್ದೂ ಉಂಟು. 2023ರ ಡಿಸೆಂಬರ್ 7ರಂದು, ನುರಿಸುವ ಕೆಲಸ ಭರದಿಂದ ನಡೆದಿದ್ದಾಗ, ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದಕ್ಕೆ ತಡೆ ಬಿತ್ತು. ಮಳೆ ಕೈಕೊಟ್ಟು ಸಕ್ಕರೆ ಕೊರತೆಯಾದೀತೆಂಬ ಕಾರಣ ಸರಿಯೇ ಇತ್ತು. ವಾರ ಕಳೆದ ಮೇಲೆ ಸ್ವಲ್ಪ ಸಡಿಲವಾಯಿತು, 2024ರ ಆಗಸ್ಟಿನಲ್ಲಿ ಮುಂದಿನ ಹಂಗಾಮಿಗೆ ತಡೆ ತೆಗೆದರು. ಹಂಗಾಮಿನ ನಡುವೆ ಬದಲಾಗುವ ಸುದ್ದಿ ಹೊಸ ಹೂಡಿಕೆಯ ಧೈರ್ಯವನ್ನು ಹೊಸಕುತ್ತದೆ. ಬರಗಾಲದ ಅಂದಾಜು ಸೆಪ್ಟೆಂಬರಿನಲ್ಲೇ ಇರುತ್ತದೆ; ಸರ್ಕಾರ ಅದನ್ನು ಕಾರ್ಖಾನೆಯೊಂದಿಗೆ ಆಗಲೇ ಹಂಚಿಕೊಳ್ಳುವುದು ಸಾಧ್ಯವಿತ್ತು.

ರವದಿಗೆ ಬೆಂಕಿ ಹಚ್ಚುವುದು ಯಾರು?

ಕಟಾವಾದ ಹೊಲದ ರವದಿ ಉರಿಯುವುದನ್ನು ಈ ಭಾಗದಲ್ಲಿ ನೋಡದವರಿಲ್ಲ. ಹೆಕ್ಟೇರಿಗೆ 8-10 ಟನ್ ಒಣ ರವದಿ, ಒಂದು ಸಂಜೆಯಲ್ಲಿ ಬೂದಿ. ಅದನ್ನು ಸಾಲುಗಳ ನಡುವೆ ಹೊದಿಸಿದರೆ ತೇವ ಉಳಿಯುತ್ತದೆ, ಕಳೆ ಕಡಿಮೆಯಾಗುತ್ತದೆ, ನೆಲಕ್ಕೆ ಸಾವಯವ ಅಂಶ ಸೇರುತ್ತದೆ. ಕೃಷಿ ವಿಶ್ವವಿದ್ಯಾಲಯದವರು ಎಷ್ಟೋ ವರ್ಷದಿಂದ ಇದನ್ನೇ ಹೇಳುತ್ತಿದ್ದಾರೆ. ರೈತರಿಗೂ ಗೊತ್ತು. ಆದರೂ ಸುಡುತ್ತಾರೆ. ಅಜ್ಞಾನವೆಂದು ಬೈದು ಸುಮ್ಮನಾಗುವುದು ಸುಲಭ, ನ್ಯಾಯವಲ್ಲ.

ರೈತನಿಗೆ ಗೊತ್ತಿಲ್ಲದ್ದು ಬೇರೆ. ಕಟಾವಿನ ಗ್ಯಾಂಗ್ ಎಂದು ಬರುತ್ತದೆಂದು ಗೊತ್ತಿಲ್ಲ. ಫೀಲ್ಡ್‌ಮನ್ ನಾಳೆ ಎನ್ನುತ್ತಾರೆ, ಮುಕಾದಮ ಬರುವ ವಾರ ಎನ್ನುತ್ತಾನೆ. ಅಷ್ಟರಲ್ಲಿ ಕಬ್ಬು ಒಣಗುತ್ತದೆ, ನೀರು ಬಿಡಬೇಕೋ ಬೇಡವೋ ತಿಳಿಯದೆ ಬಿಡುತ್ತಾನೆ. ಗ್ಯಾಂಗ್ ಬಂದಾಗ ಬೇಗ ಮುಗಿಸಬೇಕು, ಸುಟ್ಟ ಕಬ್ಬು ಕಡಿಯುವುದು ಹಗುರ. ಕುಳೆಗೆ ಗೊಬ್ಬರ ಹಾಕುವ ಕಾಲ ಮೀರುತ್ತಿರುತ್ತದೆ. ರವದಿ ಪುಡಿಮಾಡುವ ಯಂತ್ರ ಬಾಡಿಗೆಗೆ ಕೇಳಿದರೆ ಇನ್ನೊಂದು ಊರಿನಲ್ಲಿದೆ.

ದಿನಾಂಕವೊಂದು ಮೂರು ವಾರ ಮುಂಚೆ ಸಿಕ್ಕರೆ ಎಷ್ಟು ಬದಲಾಗುತ್ತದೆ ನೋಡಿ. ಕಟಾವಿಗೆ ಎರಡು ಮೂರು ವಾರ ಇರುವಾಗ ನೀರು ನಿಲ್ಲಿಸಬೇಕು, ಆಗ ಕಬ್ಬಿನಲ್ಲಿ ಸಕ್ಕರೆ ಏರುತ್ತದೆ. ನೀರು ನಿಲ್ಲಿಸಿದರೆ ವಿದ್ಯುತ್ ಉಳಿಯುತ್ತದೆ, ಜವಳಿನ ಕಾಟ ಅಷ್ಟಕ್ಕಷ್ಟೇ ಕಡಿಮೆ. ರವದಿ ಯಂತ್ರದವನು ಗ್ಯಾಂಗಿನ ಹಿಂದೆಯೇ ಊರಿಂದ ಊರಿಗೆ ಬರಬಹುದು. ಕಡಿದ ಕಬ್ಬು ಗೇಟಿನ ಮುಂದೆ ಸಾಲುಗಟ್ಟಿ ಒಣಗದೆ 24 ತಾಸಿನೊಳಗೆ ನುರಿದರೆ ತೂಕವೂ ಉಳಿಯಿತು, ಸಕ್ಕರೆಯೂ ಉಳಿಯಿತು. ಇಷ್ಟಕ್ಕೂ ಬೇಕಾದದ್ದು ಹೊಸ ಯಂತ್ರವಲ್ಲ. ನೆಟ್ಟ ದಿನಾಂಕ, ತಳಿ, ಕುಳೆಯೋ ಹೊಸದೋ, ಕೈಯಲ್ಲಿ ಹಿಡಿದು ಸಿಹಿ ಅಳೆಯುವ ಬ್ರಿಕ್ಸ್ ಮೀಟರಿನ ಅಂಕಿ: ಈ ನಾಲ್ಕನ್ನು ರೈತ ಕೊಡಬೇಕು, ಅದಕ್ಕೆ ಬದಲಾಗಿ ಕಾರ್ಖಾನೆ ದಿನಾಂಕ ಕೊಡಬೇಕು. ಕೊಟ್ಟ ದಿನಾಂಕ ತಪ್ಪಿದರೆ ಒಂದು ಸಂದೇಶ ಕಳಿಸಬೇಕು.

ಹೊಲ ಮತ್ತು ಕಾರ್ಖಾನೆಯ ನಡುವೆ ನಿಂತು ಕೆಲಸ ಮಾಡುವ ಸಂಸ್ಥೆಗಳಿಗೆ ಇಲ್ಲಿ ಕೊರತೆಯಿಲ್ಲ. ಸಮೀರವಾಡಿಯಲ್ಲೇ ಕೆ.ಜೆ. ಸೋಮಯ್ಯ ಅನ್ವಯಿಕ ಕೃಷಿ ಸಂಶೋಧನಾ ಸಂಸ್ಥೆ ಇದೆ. ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ಸಂಕೇಶ್ವರದಲ್ಲಿ ಕಬ್ಬಿನ ಸಂಶೋಧನಾ ಕೇಂದ್ರ, ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ. ಮಹಾರಾಷ್ಟ್ರದ ಬಾರಾಮತಿಯ ಕೃಷಿ ಅಭಿವೃದ್ಧಿ ಟ್ರಸ್ಟ್ ಮೈಕ್ರೋಸಾಫ್ಟ್ ಜತೆಗೂಡಿ ಉಪಗ್ರಹ ಚಿತ್ರ, ಮಣ್ಣಿನ ಸೆನ್ಸರ್, ಕೃತಕ ಬುದ್ಧಿಮತ್ತೆಯಿಂದ ಕಬ್ಬಿನ ರೈತರಿಗೆ ನೀರು-ಗೊಬ್ಬರದ ಸಲಹೆ ಕೊಡುತ್ತಿದೆ. ಆ ತಂತ್ರ ಒಳ್ಳೆಯದೇ. ಆದರೆ ಕಟಾವಿನ ದಿನಾಂಕವನ್ನೇ ಸರಿಯಾಗಿ ಹೇಳದ ಸರಪಳಿಗೆ ಉಪಗ್ರಹ ತಂದು ಜೋಡಿಸಿದರೆ ಪ್ರಯೋಜನ ಅಲ್ಪ.

ಕಾಟಾ ಸರಿಯಿದ್ದರೆ ಮಾತು ಸರಿ

ಮಾಹಿತಿ ಕೊಡು ಎಂದರೆ ಯಾರೂ ಸುಮ್ಮನೆ ಕೊಡುವುದಿಲ್ಲ. ಕೊಟ್ಟದ್ದನ್ನು ತಮ್ಮ ವಿರುದ್ಧವೇ ಬಳಸುತ್ತಾರೆಂಬ ಭಯ ಇದ್ದಲ್ಲಿ ಸುಳ್ಳು ಅಂಕಿ ಬರುತ್ತದೆ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಿಂದ ಎದ್ದ ಕಬ್ಬಿನ ಹೋರಾಟ ಬಾಗಲಕೋಟೆ ಜಿಲ್ಲೆಗೂ ಹಬ್ಬಿತು. ಅಲ್ಲಿ ದರದ ಜತೆಗೇ ಕೇಳಿಬಂದ ದೂರು ತೂಕದ್ದು ಮತ್ತು ರಿಕವರಿಯದ್ದು.

ರಿಕವರಿ, ಅಂದರೆ ಕಬ್ಬಿನ ತೂಕದಲ್ಲಿ ಶೇಕಡ ಎಷ್ಟು ಸಕ್ಕರೆ ಸಿಕ್ಕಿತು ಎಂಬುದು ರೈತನ ಜೇಬಿನ ಮಾತು. 2025-26ರ ಹಂಗಾಮಿಗೆ ಕೇಂದ್ರ ನಿಗದಿಮಾಡಿದ ನ್ಯಾಯಯುತ ಮತ್ತು ಲಾಭದಾಯಕ ದರ (ಎಫ್‌ಆರ್‌ಪಿ) ಶೇ 10.25 ರಿಕವರಿಗೆ ಕ್ವಿಂಟಲಿಗೆ 355 ರೂಪಾಯಿ. ಅದರ ಮೇಲೆ ಪ್ರತಿ 0.1ಕ್ಕೆ ಕ್ವಿಂಟಲಿಗೆ 3.46 ರೂಪಾಯಿ ಸೇರುತ್ತದೆ. ಟನ್ನಿಗೆ ಲೆಕ್ಕ ಹಾಕಿದರೆ 34 ರೂಪಾಯಿ 60 ಪೈಸೆ. ನೂರು ಟನ್ ಕಳಿಸಿದವನಿಗೆ ಒಂದು ದಶಮಾಂಶದ ವ್ಯತ್ಯಾಸ 3,460 ರೂಪಾಯಿ. ಈ ಅಂಕಿ ಹೇಗೆ ಬಂತೆಂದು ಅವನಿಗೆ ಕಾಣದಿದ್ದರೆ, ತನ್ನ ಹೊಲದ ನೆಟ್ಟ ದಿನಾಂಕವನ್ನು ಅವನೇಕೆ ನಿಜ ಹೇಳಬೇಕು? ಬೇಗ ಕಟಾವು ಸಿಗಲೆಂದು ಒಂದು ತಿಂಗಳು ಹಿಂದಕ್ಕೆ ಬರೆಸುತ್ತಾನೆ. ಬಲಿಯದ ಕಬ್ಬು ಗಾಣಕ್ಕೆ ಬೀಳುತ್ತದೆ, ರಿಕವರಿ ಇಳಿಯುತ್ತದೆ, ಒಂದು ಚೀಲ ಸಕ್ಕರೆಗೆ ಹೆಚ್ಚು ಕಬ್ಬು, ಹೆಚ್ಚು ನೀರು, ಹೆಚ್ಚು ಉಗಿ ಖರ್ಚಾಗುತ್ತದೆ.

ಪರಿಸರದ ಸುಧಾರಣೆ ಮೊದಲು ಕಾಟಾದಿಂದ ಆರಂಭವಾಗಬೇಕು ಎನ್ನುವುದು ಈ ಕಾರಣಕ್ಕೆ. ರೈತ ತಾನು ನಂಬುವ ಬೇರೆ ಕಾಟಾದಲ್ಲಿ ತೂಗಿಸಿಕೊಂಡು ಬಂದರೂ ಒಪ್ಪುವ, ತೂಕದ ಅಂಕಿ ಆಗಿಂದಾಗಲೇ ಅವನ ಮೊಬೈಲಿಗೆ ಕಳಿಸುವ, ದಿನದ ರಿಕವರಿಯನ್ನು ಗೇಟಿನಲ್ಲಿ ಬರೆದು ಹಾಕುವ ಕಾರ್ಖಾನೆಗೆ ಹೊಲದ ನಿಜವಾದ ಅಂಕಿ ತಾನಾಗಿ ಬರುತ್ತದೆ. ಕಬ್ಬು ಒಪ್ಪಿಸಿದ 14 ದಿನದಲ್ಲಿ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15 ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಅದನ್ನು ಪಾಲಿಸುವುದೂ ನಂಬಿಕೆಯ ಭಾಗವೇ.

ಇನ್ನೊಂದು ಅಂಕಿಯೂ ಹೊರಗೆ ಬರಬೇಕು. ಸಕ್ಕರೆ, ಡಿಸ್ಟಿಲರಿ ಸೇರಿ ಹೆಚ್ಚು ಮಾಲಿನ್ಯದ 17 ಬಗೆಯ ಉದ್ಯಮಗಳು ತಮ್ಮ ಕೊಳೆನೀರು, ಹೊಗೆಯನ್ನು ಆನ್‌ಲೈನ್ ಮಾಪಕಗಳಿಂದ ಅಳೆದು ಮಂಡಳಿಗೆ ಕಳಿಸಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲೇ ಸೂಚಿಸಿದೆ. ಸಕ್ಕರೆ ಕಾರ್ಖಾನೆ ಟನ್ ಕಬ್ಬಿಗೆ 200 ಲೀಟರಿಗಿಂತ ಹೆಚ್ಚು ಕೊಳೆನೀರು ಬಿಡಬಾರದೆಂಬ ಮಿತಿ 2016ರದ್ದು. ಮಂಡಳಿಗೆ ಹೋಗುವ ಆ ಅಂಕಿಗಳು ಪಕ್ಕದ ಹೊಲದವನಿಗೂ ಕಾಣಬೇಕು. ಅವನ ಬಾವಿಯೇ ಅದರ ಮೊದಲ ಸಾಕ್ಷಿ.

ಬಣ್ಣದ ಹಂಡೆಯ ಮುಂದೆ

ರಬಕವಿ-ಬನಹಟ್ಟಿಯ ಮಗ್ಗಗಳ ಸರಪಳಿ ಕಬ್ಬಿನಷ್ಟು ಉದ್ದವಿಲ್ಲ, ಆದರೆ ಗಂಟುಗಳು ಹೆಚ್ಚು. ನೂಲಿನ ವ್ಯಾಪಾರಿ, ಬಣ್ಣ ಹಾಕುವವರು, ಮಗ್ಗದ ಮಾಲೀಕ, ನೇಕಾರ, ಸೀರೆಯ ಸಗಟು ವ್ಯಾಪಾರಿ. ಹತ್ತಿ ನೂಲಿಗೆ ಹಾಕುವ ರಿಯಾಕ್ಟಿವ್ ಬಣ್ಣದಲ್ಲಿ ನೂಲಿಗೆ ಹಿಡಿಯುವುದು ಶೇ 60-80 ಮಾತ್ರ. ಉಳಿದದ್ದು ಉಪ್ಪಿನ ಜತೆ ನೀರಿನಲ್ಲಿ ಹೊರಗೆ. ತಮಿಳುನಾಡಿನ ತಿರುಪ್ಪೂರಿನಲ್ಲಿ ನೊಯ್ಯಲ್ ನದಿ ಕೆಟ್ಟು, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚಿಸಿತು. ಬನಹಟ್ಟಿ ಆ ಗಾತ್ರದ್ದಲ್ಲ. ಆದರೂ ಸಣ್ಣ ಊರಿನ ಚರಂಡಿಗೆ ಸಣ್ಣ ಹಂಡೆಯೂ ಸಾಕು.

ಇಲ್ಲಿ ಒಂದು ಪೈಸೆ ಹೂಡದೆ ಆಗುವ ಸುಧಾರಣೆಯೊಂದಿದೆ. ವ್ಯಾಪಾರಿ ಇವತ್ತು ಕೆಂಪು, ನಾಳೆ ಹಳದಿ, ನಾಡಿದ್ದು ಕಪ್ಪು ಎಂದು ದಿನಕ್ಕೊಂದು ಫೋನು ಮಾಡಿದರೆ ಬಣ್ಣದವನು ಪ್ರತಿಸಲ ಹಂಡೆ ತೊಳೆಯಬೇಕು. ಒಂದು ವಾರದ ಬೇಡಿಕೆ ಒಟ್ಟಿಗೆ ತಿಳಿಸಿದರೆ ತಿಳಿ ಬಣ್ಣದಿಂದ ಶುರುಮಾಡಿ ಗಾಢದ ಕಡೆಗೆ ಹೋಗುತ್ತಾನೆ. ತೊಳೆಯುವ ನೀರು ಉಳಿಯುತ್ತದೆ, ಸ್ವಲ್ಪ ನೀರನ್ನು ಮತ್ತೆ ಬಳಸಬಹುದು, ಸೌದೆಯೂ ಉಳಿಯುತ್ತದೆ. ಬೇಡಿಕೆಯ ನಿಜವಾದ ಅಂಕಿ ಹಿಂದಿನ ಕೊಂಡಿಗೆ ತಲುಪದಿದ್ದರೆ ಸಣ್ಣ ಏರಿಳಿತವೂ ಹಿಂದಕ್ಕೆ ಹೋದಂತೆ ದೊಡ್ಡದಾಗುತ್ತದೆ ಎಂದು ಪೂರೈಕೆ ಸರಪಳಿಯ ಸಂಶೋಧಕ ಹಾವ್ ಲೀ ಮತ್ತು ಸಂಗಡಿಗರು 1997ರಲ್ಲಿ ಬರೆದರು. ಅವರು ತೋರಿಸಿದ ಉದಾಹರಣೆ ಮಕ್ಕಳ ಡೈಪರಿನದು. ಬನಹಟ್ಟಿಯಲ್ಲಿ ಅದೇ ಕಥೆ ಬೇಡದ ಬಣ್ಣದ ನೂಲಾಗಿ ಮೂಲೆಯಲ್ಲಿ ಬಿದ್ದಿರುತ್ತದೆ.

ಯಾವ ಬಣ್ಣ ಎಂಬುದಕ್ಕೂ ದೂರದ ಸುದ್ದಿ ಕಾರಣವಾಗುತ್ತದೆ. ಕ್ಯಾನ್ಸರ್ ತರಬಲ್ಲ ಅಮೈನ್‌ಗಳಾಗಿ ಒಡೆಯುವ ಆಜೋ ಬಣ್ಣಗಳನ್ನು ಜರ್ಮನಿ 1994ರಲ್ಲಿ ನಿಷೇಧಿಸಿದಾಗ ಭಾರತದ ರಫ್ತುದಾರರು ತಮ್ಮ ಬಣ್ಣದ ಸರಬರಾಜುದಾರರಿಂದ ಪತ್ರ ಕೇಳತೊಡಗಿದರು. 1997ರಲ್ಲಿ ಭಾರತವೂ ಅಂಥ 70 ಆಜೋ ಬಣ್ಣಗಳನ್ನು ನಿಷೇಧಿಸಿತು. ಜರ್ಮನಿಯ ಒಂದು ನಿಯಮ ಇಲ್ಲಿನ ಹಂಡೆ ಮುಟ್ಟಿದ್ದು ಖರೀದಿದಾರ ಕೇಳಿದ ಒಂದು ಪ್ರಶ್ನೆಯಿಂದ. ಇಂದಿಗೂ ಬಣ್ಣದ ಡಬ್ಬಿ ತರುವಾಗ ಅದರ ಸುರಕ್ಷತಾ ಮಾಹಿತಿ ಪತ್ರ ಮತ್ತು ನಿಷೇಧಿತ ಅಮೈನ್ ಇಲ್ಲವೆಂಬ ಪ್ರಮಾಣಪತ್ರ ಕೇಳಬೇಕು. ಹೆಸರಿಲ್ಲದ ಪೊಟ್ಟಣದ ಅಗ್ಗದ ಬಣ್ಣ ಕೊನೆಗೆ ಅಗ್ಗವಾಗಿ ಉಳಿಯುವುದಿಲ್ಲ.

ಎಲ್ಲಿಂದ ಶುರುಮಾಡುವುದು?

ಸಣ್ಣ ಗಾಣದವರು, ಬಣ್ಣದವರು, ಮಗ್ಗದ ಮಾಲೀಕರು ಮೊದಲು ತಮ್ಮ ಮನೆಯ ಲೆಕ್ಕ ಹಿಡಿಯಬೇಕು. ಸಾಮಾನ್ಯ ನೋಟ್‌ಬುಕ್ ಸಾಕು. ನೂರು ಸೀರೆಗೆ ಎಷ್ಟು ಯೂನಿಟ್ ವಿದ್ಯುತ್, ಹತ್ತು ಕಿಲೋ ನೂಲಿಗೆ ಎಷ್ಟು ಕೊಡ ನೀರು, ಒಂದು ಕೊಪ್ಪರಿಗೆ ಬೆಲ್ಲಕ್ಕೆ ಎಷ್ಟು ಸಿಪ್ಪೆ ಸುಟ್ಟಿತು. ಮೂರು ತಿಂಗಳು ಬರೆದ ಮೇಲೆ ಎಲ್ಲಿ ಸೋರುತ್ತಿದೆಯೆಂದು ತಾನೇ ಕಾಣುತ್ತದೆ. ಆಮೇಲೆ ಒಬ್ಬ ಪಾಲುದಾರ, ಒಂದು ಅಂಕಿ: ಬಣ್ಣದವನು ವ್ಯಾಪಾರಿಯಿಂದ ವಾರದ ಬೇಡಿಕೆ ಕೇಳಲಿ, ಗಾಣದವನು ರಾಸಾಯನಿಕ ಹಾಕದ ಬೆಲ್ಲಕ್ಕೆ ಎಷ್ಟು ಹೆಚ್ಚು ಕೊಡುವಿರೆಂದು ಬರೆದು ಕೊಡಲು ಹೇಳಲಿ. ಹತ್ತು ಅಂಕಿ ಒಟ್ಟಿಗೆ ಕೇಳಿದರೆ ಒಂದೂ ಬರುವುದಿಲ್ಲ. ಬಂದ ಅಂಕಿಯಿಂದ ಏನು ಮಾಡಿದೆವೆಂದು ಕೊಟ್ಟವರಿಗೆ ತಿಳಿಸುವುದನ್ನು ಮರೆಯಬಾರದು. ಉತ್ತರ ಬರದ ಕಡೆ ಎರಡನೆಯ ಸಲ ಯಾರೂ ನಿಜ ಹೇಳುವುದಿಲ್ಲ.

ಹಂಚಿಕೊಳ್ಳಬಾರದ್ದೂ ಇದೆ. ಸೀರೆಯ ಹೊಸ ನಮೂನೆ, ಗಿರಾಕಿಗಳ ಪಟ್ಟಿ, ಯಾರಿಗೆ ಯಾವ ದರ ಎಂಬುದು ನಿಮ್ಮಲ್ಲೇ ಇರಲಿ. ರೈತರ ಆಧಾರ್, ಬ್ಯಾಂಕ್ ಖಾತೆಯ ವಿವರ ಫೀಲ್ಡ್‌ಮನ್‌ನ ವಾಟ್ಸಾಪ್ ಗುಂಪಿಗೆ ಬೀಳಬಾರದು. ವ್ಯಕ್ತಿಗತ ಮಾಹಿತಿಯ ರಕ್ಷಣೆಗೆ 2023ರ ಕಾಯ್ದೆ ಇದೆ. ಒಂದೇ ವ್ಯಾಪಾರದ ಇಬ್ಬರು ಕೂತು ದರ ಹಂಚಿಕೊಂಡು ಒಪ್ಪಂದ ಮಾಡಿಕೊಳ್ಳುವುದು 2002ರ ಸ್ಪರ್ಧಾ ಕಾಯ್ದೆಯ ಪ್ರಕಾರ ನಿಷಿದ್ಧ. ನೀರು ಉಳಿಸಿದ ಬಗೆಯನ್ನು ನೆರೆಯ ಮಗ್ಗದವರಿಗೆ ಹೇಳಿಕೊಡುವುದು ಬೇರೆ, ಕೂಲಿ ಮತ್ತು ದರವನ್ನು ಗುಟ್ಟಾಗಿ ಕಟ್ಟುವುದು ಬೇರೆ.

ನೆರವಿನ ಬಾಗಿಲುಗಳು ತೆರೆದಿವೆ. ಉದ್ಯಮ್ ನೋಂದಣಿ ಇರುವ ಸಣ್ಣ ಘಟಕಗಳು ದೋಷವಿಲ್ಲದ, ಪರಿಸರಕ್ಕೆ ಹಾನಿಯಿಲ್ಲದ ಉತ್ಪಾದನೆಗೆ ಕೇಂದ್ರ ಕೊಡುವ ಜೆಡ್ ಪ್ರಮಾಣಪತ್ರಕ್ಕೆ ಹೋಗಬಹುದು. ಶುಲ್ಕದಲ್ಲಿ ಅತಿಸಣ್ಣ ಘಟಕಕ್ಕೆ ಶೇ 80, ಸಣ್ಣದಕ್ಕೆ ಶೇ 60, ಮಧ್ಯಮಕ್ಕೆ ಶೇ 50 ಸಹಾಯಧನ ಸಿಗುತ್ತದೆ. ಬಾಗಲಕೋಟೆಯ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ದೊಡ್ಡ ಕಂಪನಿಗಳಿಗೆ ಮಾಲು ಕೊಡುವವರು ಇನ್ನೂ ಒಂದು ಕಾರಣಕ್ಕೆ ಲೆಕ್ಕ ಇಡಬೇಕು: ಷೇರುಪೇಟೆಯ ಮೊದಲ 1,000 ಕಂಪನಿಗಳು 2022-23ರಿಂದ ತಮ್ಮ ಪರಿಸರ ಮತ್ತು ಸಾಮಾಜಿಕ ಹೊಣೆಯ ವರದಿಯನ್ನು ಸೆಬಿಯ ನಿಯಮದಂತೆ ಕಡ್ಡಾಯವಾಗಿ ಕೊಡುತ್ತಿವೆ. ಅವರ ಪ್ರಶ್ನೆಪಟ್ಟಿ ಇವತ್ತಲ್ಲ ನಾಳೆ ಮಾಲು ಕೊಡುವವರ ಬಾಗಿಲಿಗೆ ಬರುತ್ತದೆ.

ಕಬ್ಬಿನವರಿಗೆ ಕೊನೆಯದಾಗಿ ಒಂದು ಮಾತು. ಮುಂದಿನ ಹಂಗಾಮಿಗೆ ಕಬ್ಬು ನೋಂದಾಯಿಸಲು ಫೀಲ್ಡ್‌ಮನ್ ಹೊಲಕ್ಕೆ ಬಂದಾಗ ನೆಟ್ಟ ದಿನಾಂಕವನ್ನು ಇದ್ದಂತೆ ಬರೆಸಿ. ಬರೆಸಿದ ಚೀಟಿಯ ಪ್ರತಿ ಇಟ್ಟುಕೊಳ್ಳಿ. ಕಟಾವು ಯಾವ ವಾರ, ರವದಿ ಯಂತ್ರ ಯಾವ ದಿನ, ಮಡ್ಡಿಯ ಗೊಬ್ಬರ ಎಷ್ಟು ಟ್ರೇಲರ್ ಎಂದು ಅದೇ ಚೀಟಿಯ ಕೆಳಗೆ ಬರೆದು ಸಹಿ ಹಾಕಿಕೊಡುವಂತೆ ಕೇಳಿ.